ಎಂಜಲು ತಾಗದ ಗಂಟು

ಮೀನು ಹಿಡಿಯುವ ಸಲಕರಣೆಗಳ ಬಗ್ಗೆ ಯಾರಿಗಾದರೂ ಸಲಹೆ ಬೇಕಿದ್ದರೆ ಸಂಕೋಚವಿಲ್ಲದೆ ನನ್ನನ್ನು ಕೇಳಬಹುದು. ರಾಡು ಎಷ್ಟು ಉದ್ದವಿರಬೇಕು, ರೀಲು ಎಂಥದ್ದಿರಬೇಕು, ಕದಡಿದ ನೀರಿಗೆ ಯಾವ ಬಣ್ಣದ ಕಪ್ಪೆ, ತಿಳಿನೀರಿಗೆ ಯಾವ ಬಣ್ಣದ ಹುಳ, ಎಲ್ಲವೂ ನನಗೆ ಗೊತ್ತು. ನಮ್ಮದು ಮೊಟ್ಟೆ ಹಾಕಿದ ಕೇಕನ್ನು ಗೇಟಿನ ಹೊರಗೇ ತಿಂದು, ಕೈ ತೊಳೆದು ಒಳಗೆ ಬರಬೇಕಾದ ಮನೆ ಎಂಬುದು ನಿಜ. ಆದರೆ ಜ್ಞಾನಕ್ಕೂ ಊಟಕ್ಕೂ ಸಂಬಂಧ ಇರಲೇಬೇಕೆಂದೇನೂ ಇಲ್ಲ. ನಮ್ಮ ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ಮರುಭೂಮಿಯನ್ನು ಕಣ್ಣಾರೆ ಕಂಡವರಲ್ಲ. ಆದರೂ ಅವರು ಒಂಟೆಯ ಬಗ್ಗೆ ಪಾಠ ಮಾಡಲು ನಿಂತರೆ ನಮಗೆಲ್ಲ ಬಾಯಾರಿಕೆಯಾಗುತ್ತಿತ್ತು.

ಇದೆಲ್ಲ ಶುರುವಾದದ್ದು ನಮ್ಮ ಸೋಫಾದಿಂದ.

ನಮ್ಮ ಯಜಮಾನರು ಮುರಳೀಧರ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮರುದಿನ ಹಾಲ್‌ನ ಸೋಫಾದ ಎಡಮೂಲೆಯಲ್ಲಿ ಕುಳಿತರು. ಅಷ್ಟೇ. ಮೊದಮೊದಲು ಪಾಪ, ದಣಿದಿದ್ದಾರೆ, ವಿಶ್ರಾಂತಿ ತೆಗೆದುಕೊಳ್ಳಲಿ ಎಂದುಕೊಂಡೆ. ಆಮೇಲೆ ಸಣ್ಣ ಸಣ್ಣ ಸಂಗತಿಗಳು ಕಣ್ಣಿಗೆ ಬೀಳತೊಡಗಿದವು. ಗಡ್ಡ ಹೆರೆಯುವುದು ದಿನ ಬಿಟ್ಟು ದಿನವಾಯಿತು. ಕೈಗಡಿಯಾರ ಬೀರುವಿನೊಳಗೆ ಸೇರಿತು. ಚಪ್ಪಲಿಯ ಅಟ್ಟೆ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಟಿವಿಯಲ್ಲಿ ಸುದ್ದಿ ಓದುವವರು ಅಣು, ಪರಮಾಣುಗಳನ್ನು ಅದಲುಬದಲು ಮಾಡಿದರೂ ಇವರು ತಿದ್ದಲಿಲ್ಲ. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಮದುವೆಯಾದ ದಿನದಿಂದ ಈ ಮನುಷ್ಯನ ಎದುರು ನಾನು 'ಅಡುಗೆ ಸೋಡಾ' ಎಂದು ಹೇಳಿ, ಅದರ ಪೂರ್ತಿ ಹೆಸರು ಕೇಳಿಸಿಕೊಳ್ಳದೆ ತಪ್ಪಿಸಿಕೊಂಡವಳೇ ಅಲ್ಲ.

ಎಬ್ಬಿಸಲು ನಾನು ಮಾಡದ ಪ್ರಯತ್ನವಿಲ್ಲ. ಯೋಗಕ್ಕೆ ಕಳಿಸಿದೆ, ಶವಾಸನದಲ್ಲಿ ನಿದ್ದೆ ಹೋದವರನ್ನು ಎಬ್ಬಿಸಿ ಮನೆಗೆ ಕಳಿಸಿದರು. ಭಜನೆಗೆ ಕಳಿಸಿದೆ, ತಾಳ ತಪ್ಪುತ್ತದೆ ಎಂದು ಅವರೇ ತಾಳ ಹಿಂದಿರುಗಿಸಿ ಬಂದರು. ತಾರಸಿಯ ಮೇಲೆ ಟೊಮ್ಯಾಟೊ ಗಿಡ ಹಾಕಿಸಿದೆ. ಗಿಡಕ್ಕೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಹೀಗಿರುವಾಗ ಒಂದು ಸಂಜೆ ತರಕಾರಿಗೆ ಬಲವಂತವಾಗಿ ಕರೆದುಕೊಂಡು ಹೊರಟಿದ್ದೆ. ಎದುರುಮನೆಯ ಶಿವರಾಜು ಗೇಟಿನ ಬಳಿ ಕೂತು ಮೀನಿನ ಗಾಳವನ್ನು ಒರೆಸುತ್ತಿದ್ದರು. ಶಿವರಾಜು ನಮ್ಮ ಮಲ್ಲತ್ತಹಳ್ಳಿಯ ಹಳೇ ಮನೆತನದವರು. ಈ ಲೇಔಟು ಹೊಲವಾಗಿದ್ದಾಗ ಅವರ ಅಪ್ಪ ಇಲ್ಲಿ ರಾಗಿ ಬೆಳೆದಿದ್ದರಂತೆ. ಈಗ ಶಿವರಾಜು ಟೈಲ್ಸ್ ಅಂಗಡಿ ಇಟ್ಟು, ಅದೇ ರಾಗಿಹೊಲದ ಮೇಲೆ ಎದ್ದ ಮನೆಗಳಿಗೆಲ್ಲ ನೆಲ ಹಾಸಿದ್ದಾರೆ. ನಮ್ಮ ಯಜಮಾನರು ಅಲ್ಲೇ ನಿಂತರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸದೆ, ನೆಟ್ಟ ನೋಟದಲ್ಲಿ ನಿಂತರು.

"ಚಿಕ್ಕವನಿದ್ದಾಗ ನಮ್ಮೂರ ಕೆರೆ ಏರಿ ಮೇಲೆ ನಿಂತ್ಕೊಂಡು ನೋಡ್ತಾ ಇದ್ದೆ," ಎಂದರು. "ಗಾಳ ಮುಟ್ಟಿದ್ರೆ ಅಮ್ಮ ಸ್ನಾನ ಮಾಡಿಸಿ ಒಳಗೆ ಬಿಡೋರು."

"ಈಗ ಬನ್ನಿ ಮೇಷ್ಟ್ರೇ," ಎಂದರು ಶಿವರಾಜು. "ಕೆಂಗೇರಿ ಆಚೆ ನಮ್ಮ ಭಾಮೈದಂದು ತೋಟ ಐತೆ. ಅದ್ರಾಗೊಂದು ಕಟ್ಟೆ. ಭಾನುವಾರ ನಾನು ಅಲ್ಲೇ ಇರ್ತೀನಿ. ನೀವು ತಿನ್ನೋದು ಬ್ಯಾಡ, ಹಿಡಿದು ಬಿಟ್ಬಿಡಿ. ಸ್ನಾನ ಮನೇಗ್ ಹೋಗಿ ಮಾಡ್ಕೊಳಿ."

ಮನೆಗೆ ಬಂದ ಮೇಲೆ ಇವರು ಸೋಫಾದಲ್ಲಿ ಕೂತೇ ಹೇಳಿದರು: "ಒಂದು ಭಾನುವಾರ ಹೋಗ್ತೀನಿ. ಒಂದೇ. ಅದೂ ಸರಿಹೋಗ್ಲಿಲ್ಲ ಅಂದ್ರೆ ಇನ್ಮೇಲೆ ನೀನು ನನ್ನನ್ನ ಎಲ್ಲಿಗೂ ಎಬ್ಬಿಸಬಾರದು. ಒಪ್ಪಿಗೆನಾ?"

ಒಪ್ಪಿದೆ. ಇರುವುದು ಒಂದೇ ಭಾನುವಾರ. ಸೋತರೆ ಇವರು ಆ ಎಡಮೂಲೆಯಲ್ಲೇ ಶಾಶ್ವತವಾಗಿ ಸೇರಿಹೋಗುತ್ತಾರೆ; ಮುಂದೆ ಸೋಫಾದ ಬಟ್ಟೆ ಬದಲಾಯಿಸುವಾಗ ಇವರನ್ನೂ ಸೇರಿಸಿ ಹೊಲಿಸಬೇಕಾಗುತ್ತದೆ. ಆದ್ದರಿಂದ ಸಲಕರಣೆಯ ಸಂಪೂರ್ಣ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಯಾವುದನ್ನೇ ಆಗಲಿ, ಕ್ರಮವಾಗಿ ಓದಿ ತಿಳಿದುಕೊಂಡರೆ ಸಾಧಿಸಬಹುದು ಎಂದು ನಂಬಿ ಬೆಳೆದವಳು ನಾನು.

ಮಧ್ಯಾಹ್ನಗಳಲ್ಲಿ ಹುರುಳಿಕಾಯಿ ಸೋಸುತ್ತಾ ಫೋನಿನಲ್ಲಿ ವಿಡಿಯೋ ನೋಡಿದೆ. ಅಮೆರಿಕದ ಗಡ್ಡಧಾರಿಗಳು ಬಾಸ್ ಎಂಬ ಮೀನನ್ನು ಹಿಡಿಯುವುದನ್ನು ಅತ್ಯಂತ ಶ್ರದ್ಧೆಯಿಂದ ವಿವರಿಸುತ್ತಿದ್ದರು. ಜೀವಂತ ಹುಳ ಚುಚ್ಚುವ ಕಾಲ ಹೋಯಿತಂತೆ. ಈಗ ಲ್ಯೂರ್ ಎಂಬ ನಕಲಿ ತಿನಿಸುಗಳಿವೆ: ರಬ್ಬರಿನ ಕಪ್ಪೆ, ರಬ್ಬರಿನ ಎರೆಹುಳ, ರಬ್ಬರಿನ ಹಲ್ಲಿ. ಹುಳ ಸಾಯುವುದಿಲ್ಲ, ಮೀನನ್ನು ಬಿಟ್ಟುಬಿಡುತ್ತೇವೆ. ಯಾರಿಗೂ ನೋವಿಲ್ಲದ ಇಂಥ ಸಾತ್ವಿಕ ಹವ್ಯಾಸವನ್ನು ನಮ್ಮ ಹಿರಿಯರು ಏಕೆ ಕೈಬಿಟ್ಟರೋ ತಿಳಿಯದು. ಬಾಸ್ ಮೀನಿನ ಸ್ವಭಾವ, ಅದು ಅಡಗುವ ಜಾಗ, ಮುಂಜಾನೆಯ ಅದರ ಹಸಿವು, ಎಲ್ಲ ನನಗೆ ಬಾಯಿಪಾಠವಾಯಿತು. ಆಟೋ ಹತ್ತಿ ರಾಜಾಜಿನಗರಕ್ಕೆ ಹೋದೆ.

ಮುಖ್ಯರಸ್ತೆಯಿಂದ ಒಳಗೆ, ಕೈಗಾರಿಕಾ ಶೆಡ್ಡುಗಳ ಪಕ್ಕದಲ್ಲಿ ಒಂದು ಪುಟ್ಟ ಅಂಗಡಿ. ಅಂಗಡಿಯವರು ದಪ್ಪ ಮೀಸೆಯ ಮಧ್ಯವಯಸ್ಕರು. ನನ್ನ ಕಾಟನ್ ಸೀರೆ, ಹಣೆಯ ಕುಂಕುಮ, ಕೈಯ ಬಟ್ಟೆಚೀಲ ನೋಡಿ, "ಅಕ್ವೇರಿಯಂ ಅಂಗಡಿ ಮುಂದಿನ ಕ್ರಾಸಲ್ಲಿದೆ ಮೇಡಂ," ಎಂದರು.

"ನನಗೆ ಬಾಸ್ ಹಿಡಿಯೋ ರಾಡು ಬೇಕು. ಮೀಡಿಯಂ ಹೆವಿ," ಎಂದೆ.

ಅವರು ಟೀ ಲೋಟ ಕೆಳಗಿಟ್ಟರು. "ಎಲ್ಲಿ ಹಿಡೀತೀರಾ ಮೇಡಂ?"

"ಕೆಂಗೇರಿ ಆಚೆ."

"ಬಾಸ್ ಅಲ್ಲಿಗೆ ಬರಬೇಕಾದ್ರೆ ವೀಸಾ ಬೇಕು." ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕರಗಿದರು. "ಬೇಜಾರ್ ಮಾಡ್ಕೋಬೇಡಿ. ಇಲ್ಲಿ ಕೊರಮೀನಿದೆ. ಹಾವಿನ ತಲೆ ಥರ ತಲೆ ಇರತ್ತಲ್ಲ, ಅದು. ಬಾಸ್ ಥರಾನೇ ಗಿಡದ ಕೆಳಗೆ ಬಚ್ಚಿಟ್ಕೊಂಡು ಕಪ್ಪೆಗೆ ಎಗರತ್ತೆ. ಕೋಪ ಮಾತ್ರ ಸ್ವಲ್ಪ ಜಾಸ್ತಿ. ಅದೇ ಸಾಮಾನು ಸಾಕು."

ಹೀಗೆ ನನ್ನ ವಿದ್ಯೆ ವ್ಯರ್ಥವಾಗಲಿಲ್ಲ. ಇಲ್ಲಿ ಓದುಗರಿಗೆ ಮೊದಲ ಸಲಹೆ. ಕಲಿಯುವವರಿಗೆ ಏಳಡಿಯ, ಎರಡು ತುಂಡಾಗಿ ಬಿಚ್ಚಿಡಬಹುದಾದ ರಾಡು ಉತ್ತಮ. ಆಟೋದಲ್ಲಿ ತರುವಾಗ ಪಕ್ಕದ ಸ್ಕೂಟರಿನವರ ಕಣ್ಣು ಉಳಿಯುತ್ತದೆ. ರೀಲು ಸ್ಪಿನ್ನಿಂಗ್ ಎಂಬ ಜಾತಿಯದಾದರೆ ದಾರ ಸಿಕ್ಕಾಗುವುದು ಕಡಿಮೆ. ಇಷ್ಟರಲ್ಲಿ ನಾನೂ ಅಂಗಡಿಯವರೂ ಒಂದೇ ಅಭಿಪ್ರಾಯದವರಾಗಿದ್ದೆವು. ಭಿನ್ನಾಭಿಪ್ರಾಯ ಬಂದದ್ದು ದಾರದ ವಿಷಯದಲ್ಲಿ. ಜೊಂಡು, ತಾವರೆ ಇರುವ ಕಡೆ ಹೆಣೆದ ದಾರವೇ ಬೇಕು ಎಂದು ಅವರು. ಅದು ಗೋಣಿಚೀಲ ಹೊಲಿಯುವ ದಾರದ ಹಾಗೆ ಒರಟಾಗಿ, ಪಾಚಿ ಬಣ್ಣದಲ್ಲಿತ್ತು. ಪಕ್ಕದಲ್ಲೇ ತೆಳ್ಳಗಿನ ನೈಲಾನು, ಕಣ್ಣಿಗೇ ಕಾಣದಷ್ಟು ನಯ. ನೈಲಾನು ತೆಗೆದುಕೊಂಡೆ.

ಆಮೇಲೆ ಕಪ್ಪೆ. "ಕಪ್ಪು ತಗೊಳಿ ಮೇಡಂ, ಇಲ್ಲಾಂದ್ರೆ ಕಡುಹಸಿರು," ಎಂದರು. ನಾನು ಗುಲಾಬಿ ಬಣ್ಣದ, ಬೆನ್ನ ಮೇಲೆ ಮಿನುಗು ಚುಕ್ಕೆಗಳಿದ್ದ ಒಂದನ್ನು ಆರಿಸಿದೆ. ಅದರ ಕಾಲಿನ ಜಾಗದಲ್ಲಿ ರೇಷ್ಮೆಯಂಥ ಕುಚ್ಚು ಬೇರೆ ಇತ್ತು, ಸೀರೆ ಸೆರಗಿಗೆ ಕಟ್ಟಿದ ಹಾಗೆ.

"ಮೀನು ಕೆಳಗಿಂದ ನೋಡೋದು ಮೇಡಂ. ಬೆನ್ನು ಕಾಣಲ್ಲ, ಹೊಟ್ಟೆ ಮಾತ್ರ ಕಾಣತ್ತೆ."

"ಹೊಟ್ಟೇನೂ ಗುಲಾಬೀನೇ ಇದೆಯಲ್ಲ," ಎಂದೆ.

ಅವರು ಬಿಲ್ಲು ಹರಿದರು.

ಹೊರಡುವ ಮುಂಚೆ ಗಂಟು ಕಟ್ಟುವುದನ್ನು ತೋರಿಸಿದರು. ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಸುತ್ತಿ, ಮತ್ತೆ ತೂರಿಸಿ, ಎಳೆಯುವ ಮುಂಚೆ ಆ ಗಂಟನ್ನು ಬಾಯಿಗೆ ಇಟ್ಟು ಎಂಜಲು ಮಾಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಒದ್ದೆ ಮಾಡ್ದೆ ಎಳೆದ್ರೆ ಬಿಸಿಗೆ ಸುಟ್ಟೋಗತ್ತೆ ಮೇಡಂ. ನೀರಾದ್ರೂ ಆಗತ್ತೆ. ಆದ್ರೆ ಕೆರೆ ಹತ್ರ ಎಂಜಲೇ ಸುಲಭ."

ನಾನು ನಕ್ಕು ತಲೆಯಾಡಿಸಿದೆ. ಹೊಲಿಗೆಯಲ್ಲಿ ಶಾಲೆಗೇ ಮೊದಲ ಬಹುಮಾನ ಪಡೆದವಳು ನಾನು. ನಮ್ಮ ಹೊಲಿಗೆ ಸಿಸ್ಟರ್ ದಾರದ ತುದಿಯನ್ನು ಬಾಯಿಗೆ ಇಟ್ಟವರನ್ನು ಮೊಣಕಾಲೂರಿ ಕೂರಿಸುತ್ತಿದ್ದರು. ಮನೆಯಲ್ಲಿ ಅತ್ತೆಯವರ ಕಾಲದಿಂದ ಎಂಜಲು ಎಂದರೆ ಏನೆಂದು ನಾನು ಬೇರೆ ಹೇಳಬೇಕಾಗಿಲ್ಲ. ಲೋಟ ತುಟಿಗೆ ತಾಗಿಸದೆ ನೀರು ಕುಡಿಯುವುದನ್ನು ನಮ್ಮವರು ಈಗಲೂ ಬಿಟ್ಟಿಲ್ಲ. ಹೀಗೆ ರೋಮಿನ ಶಿಸ್ತೂ ನಮ್ಮ ಮಡಿಯೂ ಒಂದೇ ಮಾತು ಹೇಳುವಾಗ ರಾಜಾಜಿನಗರದ ಒಬ್ಬ ಅಂಗಡಿಯವರ ಮಾತು ಕೇಳಲೇ?

ಶುಕ್ರವಾರ ಪೂಜೆಯಾಯಿತು. ಹೊಸ ಸಾಮಾನನ್ನು ಹಾಗೇ ಬಳಸುವುದು ನಮ್ಮಲ್ಲಿಲ್ಲ. ಮಿಕ್ಸಿಗೂ ಮಾಡಿದ್ದೇವೆ, ಗೀಸರಿಗೂ ಮಾಡಿದ್ದೇವೆ. ರಾಡಿಗೆ ಮಲ್ಲಿಗೆ ಸುತ್ತಿ, ರೀಲಿಗೆ ಅರಿಶಿನ ಕುಂಕುಮ ಹಚ್ಚಿದೆ. ಒಣ ಕುಂಕುಮ ನಿಲ್ಲಲಿಲ್ಲವೆಂದು ನೀರಲ್ಲಿ ಕಲಸಿ, ಹಿಡಿಯ ಸಂದಿಗೆ ಚೆನ್ನಾಗಿ ಒತ್ತಿದೆ. ಗುಲಾಬಿ ಕಪ್ಪೆಯನ್ನು ದೇವರ ಮುಂದೆ ತಟ್ಟೆಯಲ್ಲಿಟ್ಟೆ. "ದೇವರೇ, ಭಾನುವಾರ ಇವರಿಗೆ ಬೇಕಾದಷ್ಟು ಮೀನು ಸಿಗಲಿ, ಒಂದು ಮೀನಿಗೂ ನೋವಾಗದಿರಲಿ," ಎಂದು ಕೈಮುಗಿದೆ. ಇದನ್ನು ಹೇಗೆ ನೆರವೇರಿಸುವುದೆಂದು ದೇವರು ಯೋಚಿಸುತ್ತಿರುವಂತೆ ದೀಪ ಅಲ್ಲಾಡಿತು.

ಅಂಗಡಿಯಿಂದ ತಂದಿದ್ದ ಉಳಿದ ರಬ್ಬರಿನ ಹುಳ, ಹಲ್ಲಿಗಳನ್ನೆಲ್ಲ ಒಂದು ಕಡೆ ಸೇರಿಸಿದೆ. ಅವು ಬೇರೆ ಬೇರೆ ಪೊಟ್ಟಣಗಳಲ್ಲಿ ಬಂದಿದ್ದವು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಓದಲು ಕನ್ನಡಕ ಒಳಗಿತ್ತು. ಪೊಟ್ಟಣ ಹರಿದು ಎಸೆದು, ನನ್ನ ಹಳೆಯ ಪಾರದರ್ಶಕ ಪ್ಲಾಸ್ಟಿಕ್ ಬಳೆಡಬ್ಬಿಯಲ್ಲಿ ಬಣ್ಣಕ್ಕೆ ಬಣ್ಣ ಹೊಂದುವಂತೆ ಜೋಡಿಸಿದೆ. ಹಳದಿಯ ಪಕ್ಕ ಕೇಸರಿ, ಕೇಸರಿಯ ಪಕ್ಕ ಕೆಂಪು. ನೋಡಿದರೆ ಆರತಿತಟ್ಟೆಯ ಹಾಗಿತ್ತು. ಕಿಟಕಿಯ ಮೇಲೆ ಬಿಸಿಲಿಗೆ ಇಟ್ಟೆ.

ಶನಿವಾರ ಸಂಜೆ ಮುಚ್ಚಳ ತೆಗೆದರೆ ಅಲ್ಲಿ ಹುಳವೂ ಇಲ್ಲ, ಹಲ್ಲಿಯೂ ಇಲ್ಲ. ಎಲ್ಲ ಕರಗಿ, ಒಂದಕ್ಕೊಂದು ಬೆಸೆದು, ಡಬ್ಬಿಯ ತಳವನ್ನೂ ಕಚ್ಚಿಕೊಂಡು ಒಂದೇ ಮುದ್ದೆಯಾಗಿತ್ತು. ಮುದ್ದೆಯ ಅಂಚಿನಿಂದ ಒಂದು ಬಾಲ ಮಾತ್ರ ಹೊರಗೆ ಇಣುಕುತ್ತಿತ್ತು.

"ರೀ," ಎಂದೆ.

ಸೋಫಾದಿಂದ ಶಬ್ದವಿಲ್ಲ.

"ರೀ, ಹುಳಗಳೆಲ್ಲ ಕರಗಿಹೋಗಿವೆ."

ಆಗ ಒಂದು ಸಂಗತಿ ನಡೆಯಿತು. ನಮ್ಮ ಯಜಮಾನರು ಎದ್ದು ಬಂದರು. ಡಬ್ಬಿಯನ್ನು ಬೆಳಕಿಗೆ ಹಿಡಿದರು. ಮೂಸಿದರು. "ಎಲ್ಲಾ ಒಟ್ಟಿಗೆ ಹಾಕಿದ್ಯಾ?"

"ಬಣ್ಣ ನೋಡಿ ಹಾಕಿದೆ."

"ಬಣ್ಣ ಅಲ್ಲ ಕಣೇ, ಪ್ಲಾಸ್ಟಿಕ್ ನೋಡಬೇಕು. ಈ ಹುಳ ಮೆತ್ತಗಿರೋದಕ್ಕೆ ಅದರೊಳಗೆ ಎಣ್ಣೆ ಥರದ್ದು ಒಂದು ಸೇರಿಸಿರ್ತಾರೆ. ಗಟ್ಟಿ ಪ್ಲಾಸ್ಟಿಕ್ ಪಕ್ಕ ಇಟ್ರೆ ಆ ಎಣ್ಣೆ ಇದರಿಂದ ಹೊರಟು ಅದರೊಳಗೆ ಹೋಗತ್ತೆ. ಡಬ್ಬಿ ಮೆತ್ತಗಾಗತ್ತೆ, ಹುಳ ಅಂಟತ್ತೆ. ಅದರ ಮೇಲೆ ಬಿಸಿಲು ಬೇರೆ. ಒಂದು ಹಾಳೆ ತಗೊಂಡ್ಬಾ, ಬರೆದು ತೋರಿಸ್ತೀನಿ."

ಅಡುಗೆಮನೆ ಕಟ್ಟೆಗೆ ಒರಗಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಷಡ್ಭುಜಗಳನ್ನು ಬರೆದು ಬಹಳ ಹೊತ್ತು ಪಾಠ ಮಾಡಿದರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿತು. ಅದರ ಕಾರಣವನ್ನೂ ವಿವರಿಸಿದರು. ಮುಗಿಸಿ ಹೋಗಿ ಮತ್ತೆ ಎಡಮೂಲೆಯಲ್ಲಿ ಕೂತರು. ಆದ್ದರಿಂದ ಎರಡನೆಯ ಸಲಹೆ: ರಬ್ಬರಿನ ಹುಳಗಳನ್ನು ಅವುಗಳ ಪೊಟ್ಟಣದಲ್ಲೇ ಇಡಿ. ಮೆತ್ತಗಿನವು ಬೇರೆ, ಗಟ್ಟಿಯವು ಬೇರೆ. ಸಂಸಾರದಲ್ಲಿ ಇದು ಸಾಧ್ಯವಿಲ್ಲ, ಡಬ್ಬಿಯಲ್ಲಿ ಸಾಧ್ಯ.

ದೇವರ ಮುಂದಿದ್ದ ಕಪ್ಪೆಯೊಂದೇ ಉಳಿದಿತ್ತು. ಅವತ್ತು ರಾತ್ರಿಯ ಊಟಕ್ಕೆ ಮುಂಚೆ ಅದಕ್ಕೆ ಗಂಟು ಹಾಕಿದೆ. ಸ್ನಾನ ಮಾಡಿ, ಒಣಗಿದ ಕೈಯಲ್ಲಿ, ದಾರಕ್ಕೆ ಒಂದು ಹನಿಯೂ ತಾಗದಂತೆ ಸುತ್ತಿ, ಜೋರಾಗಿ ಎಳೆದೆ. ಗಂಟು ಮುತ್ತಿನಷ್ಟು ಚೊಕ್ಕವಾಗಿ ಕೂತಿತು. ಸಿಸ್ಟರ್ ಕಂಡಿದ್ದರೆ ಇನ್ನೊಂದು ಬಹುಮಾನ ಕೊಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಶಿವರಾಜು ಅವರ ಕಾರಿನಲ್ಲಿ ಹೊರಟೆವು. ಕೆಂಗೇರಿ ಉಪನಗರ ದಾಟಿ, ಮೈಸೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ತೋಟ. ಕಟ್ಟೆ ಎಂದರೆ ನಾನು ಪುಷ್ಕರಣಿಯಂಥದ್ದನ್ನು ಊಹಿಸಿದ್ದೆ. ಅದು ಒಳ್ಳೇ ಚಿಕ್ಕ ಕೆರೆಯಷ್ಟೇ ಇತ್ತು. ಅರ್ಧ ನೀರು, ಅರ್ಧ ತಾವರೆ ಎಲೆ. ದಡದ ಕೆಸರಿನಲ್ಲಿ ಕೊಕ್ಕರೆಯ ಹೆಜ್ಜೆಗಳು ಕಸೂತಿಯ ಹಾಗೆ ಮೂಡಿದ್ದವು.

ಇವರ ಕೈಗೆ ರಾಡು ಕೊಟ್ಟು, ನಾನು ಒಂದು ಹೆಜ್ಜೆ ಹಿಂದೆ ತರಬೇತುದಾರಳಂತೆ ನಿಂತೆ. "ಮೊದಲು ರೀಲಿನ ತಂತಿ ಎತ್ತಿ. ಬೆರಳಲ್ಲಿ ದಾರ ಹಿಡ್ಕೊಳಿ."

ಇವರು ಹಿಡಿ ತಿರುಗಿಸಿ ನೋಡಿದರು. ಕರಕರ ಎಂದು, ಹಳೇ ಗಿರಣಿಯಂಥ ಶಬ್ದ ಬಂತು. ಆಮೇಲೆ ಶಬ್ದವೂ ನಿಂತಿತು, ಹಿಡಿಯೂ ನಿಂತಿತು.

ಶಿವರಾಜು ಹತ್ತಿರ ಬಂದು ಬಗ್ಗಿ ನೋಡಿದರು. "ಅಕ್ಕಾ, ರೀಲಿಗೆ ಗ್ರೀಸ್ ಹಾಕ್ತಾರೆ. ನೀವ್ಯಾಕೆ ಅರಿಶಿಣ ಹಾಕಿದೀರಾ? ಮದ್ವೆ ಗೊತ್ತಾಗೈತಾ ಇದಕ್ಕೆ?"

"ಪೂಜೆ ಮಾಡಿದ್ದು," ಎಂದೆ.

"ಒಣಗಿ ಸಿಮೆಂಟ್ ಆಗೋಗೈತೆ ಕಣಕ್ಕಾ. ನಮ್ ಟೈಲ್ಸಿಗೆ ಇದನ್ನೇ ಹಾಕ್ಬೋದಿತ್ತು."

ಹಿಡಿಯ ಸಂದಿಯಿಂದ ಕುಂಕುಮವನ್ನು ಬೆಂಕಿಕಡ್ಡಿಯಲ್ಲಿ ಕೆರೆದು ತೆಗೆಯುವಷ್ಟರಲ್ಲಿ ಬಿಸಿಲು ಮೇಲೆ ಬಂತು. ನಮ್ಮವರ ಮುಖದಲ್ಲಿ ಸೋಫಾದ ನೆನಪು ಸುಳಿಯುತ್ತಿರುವುದು ನನಗೆ ಕಾಣುತ್ತಿತ್ತು. "ಈಗ ಬೀಸಿ," ಎಂದು ಅವಸರ ಮಾಡಿದೆ. "ತಾವರೆ ಎಲೆ ಪಕ್ಕಕ್ಕೇ."

ಇವರು ಬೀಸಿದರು. ಸುಳ್ಳು ಹೇಳಬಾರದು, ಮೊದಲ ಸಲಕ್ಕೆ ಅಂಥ ಬೀಸು ಅಮೆರಿಕದ ಗಡ್ಡದವರೂ ಬೀಸಿರಲಿಕ್ಕಿಲ್ಲ. ಗುಲಾಬಿ ಕಪ್ಪೆ ಕುಚ್ಚು ಬಿಚ್ಚಿಕೊಂಡು ಆಕಾಶದಲ್ಲಿ ಬಿಲ್ಲಿನ ಹಾಗೆ ಬಾಗಿ ಹೋಗಿ, ನಡುನೀರಿನ ಒಂದು ಎಲೆಯ ಮೇಲೆ ಮೆತ್ತಗೆ ಕೂತಿತು. ದಾರ ಮಾತ್ರ ನಮ್ಮ ಕಾಲಿನ ಮುಂದೆಯೇ, ಗಾಳಿಗೆ ಬಿದ್ದ ಜೇಡರ ಎಳೆಯಂತೆ ಸುರುಳಿಯಾಗಿ ಇಳಿಯಿತು.

"ಮೇಷ್ಟ್ರೇ," ಎಂದರು ಶಿವರಾಜು, "ಕಪ್ಪೆ ಹೋಯ್ತು."

ಕಪ್ಪೆ ಎಲೆಯ ಮೇಲೆ ಹೊಳೆಯುತ್ತಿತ್ತು. ಗಾಳಿಗೆ ಎಲೆ ಓಲಾಡಿತು, ಕಪ್ಪೆ ಜಾರಿ ನೀರಿಗೆ ಬಿತ್ತು. ಕೆಳಗಿನಿಂದ ಒಂದು ಕಪ್ಪು ನೆರಳು ಎದ್ದು, ಗುಳುಂ ಎಂದು ಬಾಯಿ ತೆರೆದು ಅದನ್ನು ನುಂಗಿತು. ಎಷ್ಟು ದೊಡ್ಡ ಬಾಯಿ ಎಂದರೆ ನನ್ನ ಒಗ್ಗರಣೆ ಬಟ್ಟಲು ಅದರೊಳಗೆ ಹಿಡಿಸುತ್ತಿತ್ತು.

"ಮೀನು ಬಂತು," ಎಂದರು ಶಿವರಾಜು ನಿಧಾನವಾಗಿ. "ದಾರ ಬರಲಿಲ್ಲ."

ಮೀನು ರಬ್ಬರನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ ಹೊರಕ್ಕೆ ಉಗಿದು ಹೋಯಿತು. ಕಪ್ಪೆ ಮಗುಚಿಕೊಂಡು, ಗುಲಾಬಿ ಹೊಟ್ಟೆಯನ್ನು ಮೇಲೆ ಮಾಡಿ ತೇಲಿತು. ಒಂದಂತೂ ಸಾಬೀತಾಯಿತು: ಬಣ್ಣದ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ತಪ್ಪು. ಇದನ್ನು ನಾನು ಅವತ್ತೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇವರು ದಾರದ ತುದಿಯನ್ನು ಹತ್ತಿರ ಹಿಡಿದು ನೋಡಿದರು. ಅದು ಹಂದಿಬಾಲದಂತೆ ಸುತ್ತಿಕೊಂಡು, ಬೆಳ್ಳಗಾಗಿತ್ತು. "ಗಂಟು ಒಣಗಿದ್ದಾಗಲೇ ಎಳೆದ್ಯಾ?"

"ಚೊಕ್ಕವಾಗಿತ್ತು."

"ನೈಲಾನಿಗೆ ನೈಲಾನು ಉಜ್ಜಿದ್ರೆ ಬಿಸಿ ಹುಟ್ಟತ್ತೆ. ಬಿಸಿಗೆ ಶಕ್ತಿ ಹೋಗತ್ತೆ. ಅದಕ್ಕೇ ಒದ್ದೆ ಮಾಡೋದು. ಅಂಗಡಿಯವರು ಹೇಳಲಿಲ್ವಾ?"

"ಹೇಳಿದ್ರು. ಬಾಯಲ್ಲಿ ಎಂಜಲು ಮಾಡಿ ಅಂದ್ರು. ದೇವರ ಮುಂದೆ ಇಟ್ಟ ಸಾಮಾನು, ಎಂಜಲು ಮಾಡೋದು ಹೇಗೆ?"

ಶಿವರಾಜು ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಅವರ ಭುಜ ಕುಣಿಯುತ್ತಿತ್ತು. "ಅಕ್ಕಾ, ಮೀನಿಗೆ ಮಡಿನಾ? ಅದು ಎಂಜಲು ಅಂತ ಉಗುಳಿದ್ದಲ್ಲ ಕಣಕ್ಕಾ."

ಅವರು ತಮ್ಮ ಡಬ್ಬಿಯಿಂದ ಒಂದು ಕಪ್ಪು ಕಪ್ಪೆ ಕೊಟ್ಟರು. ಮಾಸಿ, ಕಾಲು ಕಿತ್ತುಹೋಗಿ, ತಂತಿಬ್ರಶ್ಶಿನಂತಿತ್ತು. ಜೊತೆಗೆ ತಮ್ಮ ಹೆಣೆದ ದಾರದ ಒಂದು ಮೊಳವನ್ನೂ ಕೊಟ್ಟರು. ನಮ್ಮ ಯಜಮಾನರು ಅದನ್ನು ಜೋಡಿಸಿ, ಗಂಟು ಸುತ್ತಿ, ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಯಾರದ್ದೋ ಕಪ್ಪೆ, ಯಾವ ಮೀನಿನ ಬಾಯಿಗೆ ಹೋಗಿತ್ತೋ ಏನೋ, ಅದರ ಮೂತಿಯ ಗಂಟನ್ನು ಬಾಯಿಗೆ ಇಟ್ಟುಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆಯವರು ಎಲ್ಲಿದ್ದರೂ ಕಣ್ಣು ಮುಚ್ಚಿಕೊಂಡಿರಬೇಕು.

ಗಂಟು ಗಟ್ಟಿಯಾಯಿತು. ಮೀನು ಮಾತ್ರ ಬರಲಿಲ್ಲ. ಎಷ್ಟು ಸಲ ಬೀಸಿದರೂ ನೀರು ಅಲ್ಲಾಡಲಿಲ್ಲ. ನಮ್ಮ ಗಲಾಟೆಗೆ ಅವೆಲ್ಲ ತಳ ಸೇರಿದ್ದವು. ಬಿಸಿಲು ಕಣ್ಣಿಗೆ ಚುಚ್ಚತೊಡಗಿತು. ಇವರ ಬೆನ್ನು ಸ್ವಲ್ಪ ಸ್ವಲ್ಪವಾಗಿ ಬಾಗಿ, ಅದೇ ಸೋಫಾದ ಆಕಾರಕ್ಕೆ ಬಂತು. ಕೊನೆಗೆ ರಾಡನ್ನು ಬೇಲಿಗೆ ಒರಗಿಸಿ ಹೇಳಿದರು: "ಸಾಕು. ಊಟ ಮಾಡಿ ಹೊರಡೋಣ. ಚೆನ್ನಾಗಿತ್ತು."

ಆ 'ಚೆನ್ನಾಗಿತ್ತು' ನನಗೆ ಗೊತ್ತು. ಯೋಗದಿಂದ ಬಂದಾಗಲೂ ಇದೇ ಹೇಳಿದ್ದರು.

ಇಷ್ಟು ಸುಲಭಕ್ಕೆ ಬಿಟ್ಟುಕೊಡುವವಳು ನಾನಲ್ಲ. "ಮಣಿಕಟ್ಟು ತಿರುಗಿಸಬೇಕು, ಭುಜ ಅಲ್ಲ. ಕೊಡಿ ಇಲ್ಲಿ," ಎಂದು ರಾಡು ಎತ್ತಿಕೊಂಡೆ. ಸೆರಗು ಸಿಕ್ಕಿಸಿದೆ. ವಿಡಿಯೋದಲ್ಲಿ ನೋಡಿದ್ದನ್ನೆಲ್ಲ ಮನಸ್ಸಿಗೆ ತಂದುಕೊಂಡು, ರಾಡನ್ನು ಹಿಂದಕ್ಕೆ ಬಾಗಿಸಿ, ದೇವರನ್ನು ನೆನೆದು, ಇದ್ದ ಬಲವನ್ನೆಲ್ಲ ಹಾಕಿ ಮುಂದಕ್ಕೆ ಬೀಸಿದೆ.

ಭಾರವಾಗಿತ್ತು. ಇಷ್ಟು ಭಾರ ಇರಬಾರದಲ್ಲ ಎಂದು ಅನ್ನಿಸುವಷ್ಟರಲ್ಲಿ ನನ್ನ ತಲೆಯ ಮೇಲಿಂದ ಏನೋ ಹಾದುಹೋಯಿತು. ಹಿಂದೆ, ಬದುವಿನ ಮೇಲೆ ಊಟದ ಬಟ್ಟೆಚೀಲ ಇಟ್ಟಿದ್ದೆ. ಗಾಳದ ಕೊಕ್ಕೆ ಅದರ ಹಿಡಿಯನ್ನು ಕಚ್ಚಿಕೊಂಡಿತ್ತು. ಚೀಲ ಶಿವರಾಜು ಅವರ ತಲೆಗೆ ಪ್ರದಕ್ಷಿಣೆ ಹಾಕಿ ನೀರಿನ ಮೇಲೆ ಹೋಯಿತು. ಅಲ್ಲಿ ದಾರ ಜಗ್ಗಿದಾಗ ಸ್ಟೀಲ್ ಡಬ್ಬಿ ಚೀಲದಿಂದ ಹೊರಬಂತು, ಡಬ್ಬಿಯಿಂದ ಮುಚ್ಚಳ ಹೊರಬಂತು, ಮೂವರಿಗೆ ಸಾಕಾಗುವಷ್ಟು ಪುಳಿಯೋಗರೆ ಕಟ್ಟೆಯ ಮೇಲೆ ಅಕ್ಷತೆಯಂತೆ ಉದುರಿತು. ಡಬ್ಬಿ ಮುಳುಗಿತು. ಚೀಲ ನೀರಿನ ಮೇಲೆ ಉಳಿಯಿತು.

ಆಮೇಲೆ ನೀರು ಕುದಿಯತೊಡಗಿತು.

ಮೊದಲು ಬಂದವು ಜಿಲೇಬಿ ಮೀನುಗಳು, ಅಂಗೈ ಅಗಲದವು, ಮದುವೆಮನೆಯ ಎರಡನೇ ಪಂಕ್ತಿಗೆ ನುಗ್ಗುವವರಂತೆ ಒಂದರ ಮೇಲೊಂದು ಬಿದ್ದು ಅನ್ನದ ಅಗುಳಿಗೆ ಬಾಯಿ ಹಾಕಿದವು. ಕಡ್ಲೆಬೀಜಕ್ಕೆ ಪೈಪೋಟಿಯೇ ನಡೆಯಿತು. ಅವುಗಳ ಹಿಂದೆ, ಅವುಗಳನ್ನೇ ತಿನ್ನಲು ಕಪ್ಪು ನೆರಳು ಮತ್ತೆ ಎದ್ದಿತು.

"ಮೇಷ್ಟ್ರೇ, ಕೊರಮೀನು. ಹಾಕಿ, ಹಾಕಿ," ಎಂದರು ಶಿವರಾಜು ಪಿ‍ಸುಗುಟ್ಟುತ್ತಾ.

ಇವರು ನನ್ನ ಕೈಯಿಂದ ರಾಡು ಕಿತ್ತುಕೊಂಡು, ಚೀಲವನ್ನು ಎಳೆದು ಬಿಡಿಸಿ, ಬೀಸಿದರು. ಕಪ್ಪೆ ಬಿತ್ತು. ನೆರಳು ತಿರುಗಿತು. ಗುಳುಂ. ರಾಡು ಬಿಲ್ಲಿನಂತೆ ಬಾಗಿತು. ಮೀನು ಆ ಕಡೆಗೆ, ನಮ್ಮವರು ಈ ಕಡೆಗೆ. ದಾರ ಹೋಗುತ್ತೆ ಎಂದು ನಾನು ಮನಸ್ಸಿನಲ್ಲೇ ಎಲ್ಲ ದೇವರಿಗೂ ತುಪ್ಪದ ದೀಪದ ಹರಕೆ ಹೇಳಿಕೊಂಡೆ. ದಾರ ಹೋಗಲಿಲ್ಲ. ಎಂಜಲಿನ ಗಂಟು ನಿಂತಿತು. ಮೊಣಕಾಲವರೆಗೆ ಕೆಸರಿನಲ್ಲಿ ಇಳಿದು, ಕನ್ನಡಕ ಓರೆಯಾಗಿ, ಇವರು ನನ್ನ ಕೈಯುದ್ದದ ಮೀನನ್ನು ದಡಕ್ಕೆ ತಂದರು.

ಕೊಕ್ಕೆ ಬಿಡಿಸಲು ಉದ್ದಮೂತಿಯ ಇಕ್ಕಳ ಬೇಕು. ಇದು ಮೂರನೆಯ ಸಲಹೆ. ನಾನು ತಂದದ್ದು ಬಿಸಿ ಪಾತ್ರೆ ಇಳಿಸುವ ಇಕ್ಕಳ. ಅದರಿಂದ ಮೀನನ್ನು ಒಲೆಯಿಂದ ಇಳಿಸಬಹುದಿತ್ತು, ಅಷ್ಟೇ. ಕೊನೆಗೆ ಶಿವರಾಜು ಬಿಡಿಸಿದರು. ಬಿಡಿಸಿ, ಮೀನನ್ನು ಎರಡು ಕೈಯಲ್ಲಿ ತೂಗಿ ನೋಡಿ, ಅದರ ಕಡೆ ಪ್ರೀತಿಯಿಂದ ನೋಡಿದರು. "ಮೇಷ್ಟ್ರೇ, ನಿಜವಾಗ್ಲೂ ಬಿಡ್ಬೇಕಾ? ಇಷ್ಟು ಕಷ್ಟಪಟ್ಟು ಹಿಡಿದು ಬಿಡೋದಾದ್ರೆ ಹಿಡಿದಿದ್ದು ಯಾಕೆ?"

"ಜೀವಮಾನವೆಲ್ಲ ಅದನ್ನೇ ಮಾಡಿದೀನಲ್ಲ ಶಿವರಾಜು," ಎಂದರು ಇವರು. "ಹುಡುಗರನ್ನ ಹಿಡಿದು ಕೂರಿಸೋದು, ವರ್ಷದ ಕೊನೇಲಿ ಬಿಟ್ಬಿಡೋದು."

ಮೀನು ನೀರಿಗೆ ಹೋಯಿತು. ಬಾಲದಿಂದ ನಮ್ಮೆಲ್ಲರ ಮುಖಕ್ಕೂ ಕೆಸರು ಎರಚಿ ಹೋಯಿತು. ನಮ್ಮವರು ಮುಖ ಒರೆಸಿಕೊಳ್ಳದೆ ನಗುತ್ತಾ ನಿಂತಿದ್ದರು.

ಹಸಿದ ಹೊಟ್ಟೆಯಲ್ಲಿ ಕೆಂಗೇರಿಗೆ ಬಂದು ಇಡ್ಲಿ ತಿಂದೆವು. ಇಡ್ಲಿಯ ಜೊತೆಗೆ ಹುದುಗುವಿಕೆಯ ಬಗ್ಗೆಯೂ, ಮೀನು ನೀರಿನಿಂದ ಉಸಿರು ಹೀರುವ ಬಗ್ಗೆಯೂ ಕೇಳಬೇಕಾಯಿತು. ಶಿವರಾಜು ಎರಡು ಸಲ ಆಕಳಿಸಿದರು. ನಾನು ಒಂದು ಅಕ್ಷರವನ್ನೂ ಬಿಡದೆ ಕೇಳಿದೆ.

ಆವತ್ತಿನಿಂದ ಇವರು ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಕೈಗಡಿಯಾರ ಹೊರಗೆ ಬಂದಿದೆ. ರಾಡು, ರೀಲು, ದಾರ, ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಅವುಗಳನ್ನಿಟ್ಟ ಕಪಾಟಿನ ಬೀಗದ ಕೈ ನನಗೆ ಕೊಡುವುದಿಲ್ಲ. ಶಿವರಾಜು ನನ್ನ ಬೀಸನ್ನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಅಭಿನಯಿಸಿ ತೋರಿಸುತ್ತಾರೆಂದು ಕೇಳಿದ್ದೇನೆ. ಅಸೂಯೆ ಇರಬೇಕು. ನನ್ನ ತಾಂತ್ರಿಕ ಸಲಹೆಗಾಗಿ ಇವರಿಬ್ಬರೂ ಈವರೆಗೆ ಬಂದಿಲ್ಲ. ಆದರೆ ನನ್ನನ್ನು ಪೂರ್ತಿ ಕೈಬಿಟ್ಟಿದ್ದಾರೆ ಎಂದೂ ಹೇಳುವಂತಿಲ್ಲ. ಭಾನುವಾರ ಎಲ್ಲರಿಗಿಂತ ಮುಂಚೆ ಏಳುವವಳು ನಾನೇ. ಎದ್ದು ದೊಡ್ಡ ಡಬ್ಬಿ ತುಂಬ ಪುಳಿಯೋಗರೆ ಕಲಸಿ ಕೊಡಬೇಕು. ಅವರಿಬ್ಬರ ಊಟ ಬೇರೆ; ಅವರು ಕೆಂಗೇರಿಯಲ್ಲಿ ಇಡ್ಲಿ ತಿನ್ನುತ್ತಾರೆ.

ಹೋದ ವಾರ ಇವರು ಮಧ್ಯಾಹ್ನಕ್ಕೇ ವಾಪಸ್ಸು ಬಂದರು. ಚಪ್ಪಲಿ ಬಿಡುತ್ತಾ, ನನಗೆ ನೋವಾಗದಂತೆ ಮೆತ್ತಗೆ ಹೇಳಿದರು: "ಇವತ್ತು ಹುಣಸೆ ಸ್ವಲ್ಪ ಮುಂದಾಗಿತ್ತು ಅನ್ಸತ್ತೆ ಶೈಲೂ."

"ನೀವು ತಿಂದ್ರಾ?"

"ಇಲ್ಲಪ್ಪ. ಮೀನುಗಳು ಮೂಸಿ ನೋಡಿ ಹೊರಟುಹೋದ್ವು."

ಈ ವಾರ ಬೆಲ್ಲ ಜಾಸ್ತಿ ಹಾಕುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.